ಒಂದರಿಂದ ನಾಲ್ಕಕ್ಕೆ

‘ಯಾಕೆ ಮೇಡಂ’ಗೆ ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳೇ. ಎಂಜಿನಿಯರಿಂಗ್ ಆಗಲಿ, ನರ್ಸಿಂಗ್ ಆಗಲಿ, ಲೆಕ್ಕಶಾಸ್ತ್ರವಾಗಲಿ, ವಿಶ್ವವಿದ್ಯಾಲಯಕ್ಕೆ ಕಾಲಿಟ್ಟವರೆಲ್ಲ ಓದಲೇಬೇಕಾದ ಕೆಲವು ಪಾಠಗಳಿದ್ದವು. ಪ್ರಬಂಧ ಬರೆಯುವುದು ಅದರಲ್ಲೊಂದು. ಅದನ್ನು ಕಲಿಸುತ್ತಿದ್ದ ಮೇಡಂ ಹಾಳೆಯ ಅಂಚಿನಲ್ಲಿ ಬೇರೇನೂ ಬರೆಯುತ್ತಿರಲಿಲ್ಲ, ‘ಯಾಕೆ?’ ಎಂದಷ್ಟೇ ಬರೆಯುತ್ತಿದ್ದರು. ಒಂದು ಪುಟಕ್ಕೆ ಏಳೆಂಟು ಯಾಕೆ ಬಿದ್ದರೆ ಹುಡುಗರು ಹಣೆ ಚಚ್ಚಿಕೊಳ್ಳುತ್ತಿದ್ದರು. ಬೈದುಕೊಂಡೇ ತಿದ್ದುತ್ತಿದ್ದರು, ತಿದ್ದುತ್ತ ತಿದ್ದುತ್ತ ಅವರಿಗೇ ಗೊತ್ತಾಗದಂತೆ ಯೋಚಿಸಲು ಶುರುಮಾಡುತ್ತಿದ್ದರು.

ಮನೆಯಲ್ಲಿ ಈ ಗುಣಕ್ಕೆ ಬೆಲೆ ಕಡಿಮೆ. ಕೋಪ ಇವಳ ಮೂಗಿನ ತುದಿಯಲ್ಲೇ ಇದೆ, ಸಾಲದ್ದಕ್ಕೆ ಮೂಗೂ ಉದ್ದ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಗಂಡ ಪತ್ರಿಕೆಯ ಹಿಂದೆ ಅಡಗಿ ನಗುತ್ತಿದ್ದ. ಮೈದುನ ಮಾತ್ರ ಅತ್ತಿಗೆಯ ಪರ. ಮೇಡಂ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಹೈಸ್ಕೂಲಿನಲ್ಲಿ ಪ್ರಬಂಧದಲ್ಲೇ ಫೇಲಾಗುತ್ತಿದ್ದ ಹುಡುಗ. ಕಿವಿ ಹಿಂಡಿ, ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಅವನಿಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಕಲಿಸಿದ್ದು ಇವರೇ.

ಆ ಮೈದುನನೇ ಈಗ ವಿಶ್ವವಿದ್ಯಾಲಯದ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥ. ಎಲ್ಲರೂ ಓದುವ ಪಾಠಗಳಿಂದ ಹುಡುಗರು ನಿಜವಾಗಿ ಏನಾದರೂ ಕಲಿಯುತ್ತಾರೋ ಇಲ್ಲವೋ ಎಂದು ಅಳೆಯುವ ಕಚೇರಿ ಅದು. ಪ್ರತಿ ಸೆಮಿಸ್ಟರಿನ ಕೊನೆಗೆ ಪ್ರಬಂಧಗಳ ಮೇಲಿನ ಹೆಸರು ಮುಚ್ಚಿ, ಬೇರೆ ಬೇರೆ ವಿಭಾಗದ ಇಬ್ಬರು ಮೇಷ್ಟ್ರುಗಳ ಕೈಗೆ ಕೊಡುತ್ತಿದ್ದರು. ಭಾಷೆ, ಆಧಾರ, ನಿಲುವು, ಹೀಗೆ ಒಂದೊಂದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ. ಯಾವುದರಲ್ಲಾದರೂ ಒಂದು ಬಿದ್ದರೆ ಆ ವಿದ್ಯಾರ್ಥಿ ಪಾಠವನ್ನು ಮತ್ತೆ ಓದಬೇಕು. ಇಬ್ಬರ ಅಂಕಗಳು ದೂರ ದೂರ ಬಂದರೆ ಇಬ್ಬರೂ ಎದುರುಬದುರು ಕೂತು ಹತ್ತಿರ ತರಬೇಕು. ಅದಕ್ಕೆ ‘ಹೊಂದಿಸುವುದು’ ಎಂದು ಹೆಸರು. ನಮ್ಮಲ್ಲಿ ನೂರಕ್ಕೆ ತೊಂಬತ್ತರಷ್ಟು ಹೊಂದಾಣಿಕೆ ಇದೆ ಎಂದು ಮೈದುನ ಎಲ್ಲ ಸಭೆಗಳಲ್ಲೂ ಎದೆಯುಬ್ಬಿಸಿ ಹೇಳುತ್ತಿದ್ದ. ಉಳಿದ ಹತ್ತು ಯಾರದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವರ್ಷ ಮೇಡಂ ಕೈಗೆ ಬಂದ ಕಂತೆಯಲ್ಲಿ ಅವರದೇ ತರಗತಿಯ ಒಬ್ಬ ನರ್ಸಿಂಗ್ ಹುಡುಗಿಯ ಪ್ರಬಂಧವಿತ್ತು. ಹೆಸರು ಮುಚ್ಚಿದರೇನು, ಬಾಲ ಎಳೆದು ಬರೆಯುವ ಆ ಅಕ್ಷರ ಮೇಡಂಗೆ ಗೊತ್ತು. ರಾತ್ರಿ ಎಂಟರ ಮೇಲೆ ರೋಗಿಯ ಮನೆಯವರನ್ನು ವಾರ್ಡಿನೊಳಗೆ ಬಿಡಬಾರದು ಎಂಬ ನಿಯಮದ ಬಗ್ಗೆ ಬರೆದಿದ್ದಳು. ಮೊದಲೆರಡು ಪುಟ ನಿಯಮ ಸರಿ ಎಂದು ವಾದ: ನಿದ್ದೆ, ಸೋಂಕು, ಗಲಾಟೆ. ಮೂರನೇ ಪುಟದಲ್ಲಿ ಅವಳೇ ನೋಡಿಕೊಂಡ ಒಬ್ಬ ಮುದುಕರ ಕತೆ. ಹೆಂಡತಿಯನ್ನು ಕರೆಯುತ್ತ ಅವರು ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತು ಹಾಕಿದ್ದರಂತೆ. ಆಕೆ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರಂತೆ. ಅಲ್ಲಿಗೆ ಬಂದು ಹುಡುಗಿ ಬರೆದಿದ್ದಳು: ‘ಇಷ್ಟು ಹೊತ್ತು ನಾನು ಬರೆದದ್ದು ವಾರ್ಡಿನ ಅನುಕೂಲದ ಮಾತು, ರೋಗಿಯದಲ್ಲ. ನನ್ನದು ತಪ್ಪು ಅನ್ನಿಸುತ್ತಿದೆ. ಮತ್ತೆ ಮೊದಲಿನಿಂದ ಯೋಚಿಸುತ್ತೇನೆ.’ ಕೊನೆಯ ಎರಡು ಪುಟ ನಿಜವಾಗಿಯೂ ಯೋಚಿಸಿದ್ದಳು.

ಮೇಡಂ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಯಾಕೆ ಯಾಕೆ ಎಂದು ಗಂಟಲು ಹರಿದುಕೊಂಡದ್ದು ಇದೊಂದು ಪುಟಕ್ಕಾಗಿಯೇ ಎನ್ನಿಸಿ, ಎಲ್ಲದಕ್ಕೂ ನಾಲ್ಕು ಹಾಕಿದರು.

ಜೊತೆಗೆ ಓದಿದ ರಸಾಯನಶಾಸ್ತ್ರದ ಮೇಷ್ಟ್ರು ನಿಲುವಿಗೆ ಒಂದು ಹಾಕಿದ್ದರು. ಅವರೇನು ಕೆಟ್ಟವರಲ್ಲ. ನಿಲುವು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕು ಎಂದು ಕಚೇರಿಯ ಸೂಚನೆಯಲ್ಲಿ ಬರೆದಿದೆ, ಈ ಹುಡುಗಿ ನಡುವೆ ಪ್ಲೇಟು ಬದಲಾಯಿಸಿದ್ದಾಳೆ, ನಾನೇನು ಮಾಡಲಿ ಎಂದರು. ಹೊಂದಿಸಲು ಕೂರಿಸಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮೂರನೆಯವರಿಗೆ ಕೊಟ್ಟರು, ಅವರೂ ಸೂಚನೆ ನೋಡಿ ಒಂದು ಹಾಕಿದರು. ಅಲ್ಲಿಗೆ ಮುಗಿಯಿತು. ಪಾಠ ಮತ್ತೆ ಓದಿ ದಾಟದಿದ್ದರೆ ಹುಡುಗಿಗೆ ಆಸ್ಪತ್ರೆಯ ತರಬೇತಿಯ ಜಾಗ ತಪ್ಪಿಹೋಗುತ್ತಿತ್ತು.

ಮೇಡಂ ಮೈಯೆಲ್ಲ ಉರಿಯಿತು. ನೇರ ಮೈದುನನ ಗಾಜಿನ ಕೋಣೆಗೆ ನುಗ್ಗಿದರು. ಅವನು ಎದ್ದು ನಿಂತು, ಕುರ್ಚಿ ಎಳೆದು, ಬೆಣ್ಣೆಯಂತೆ ಮಾತಾಡಿದ. ಅತ್ತಿಗೆ ಹೇಳುವುದರಲ್ಲಿ ಅರ್ಥವಿದೆಯಂತೆ, ಸೂಚನೆಯನ್ನು ಮುಂದೆ ಯಾವಾಗಲಾದರೂ ಸಮಿತಿಯ ಮುಂದೆ ಇಡಬಹುದಂತೆ, ಆದರೆ ಒಬ್ಬಳಿಗಾಗಿ ಅಳತೆಗೋಲು ಬಗ್ಗಿಸಿದರೆ ಉಳಿದವರಿಗೆ ಅನ್ಯಾಯವಂತೆ.

“ಅವಳು ಕಲಿತಿದ್ದು ಆ ಮೂರನೇ ಪುಟದಲ್ಲೇ ಕಣೋ,” ಎಂದರು ಮೇಡಂ. “ಕಣ್ಣೆದುರಿಗೇ ಕಲಿತಿದ್ದಾಳೆ. ಕಲಿಕೆ ಅಳೆಯೋ ಕಚೇರಿ ಇಟ್ಕೊಂಡು ಅದಕ್ಕೇ ಒಂದು ಹಾಕ್ತೀರಲ್ಲ.”

“ಅತ್ತಿಗೆ, ಕಲಿತಿದ್ದು ಅಳತೆಗೆ ಸಿಗಬೇಕಲ್ಲ,” ಎಂದ ಅವನು. ವ್ಯಂಗ್ಯವಾಡಿದ್ದರೆ ಮೇಡಂ ಸಹಿಸುತ್ತಿದ್ದರೇನೋ. ಅವನು ನಂಬಿಕೊಂಡೇ ಹೇಳಿದ್ದ.

ಆ ರಾತ್ರಿಯಿಂದ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅತ್ತೆ ಗೊಣಗಿದರು. ಮೇಡಂ ಉಪಕುಲಪತಿಯವರೆಗೂ ಹೋದರು. ಎಲ್ಲ ಕಡೆಯೂ ಕೂರಿಸಿ, ನೀರು ಕೊಟ್ಟು, ಮೈದುನನ ಹತ್ತಿರಕ್ಕೇ ವಾಪಸು ಕಳಿಸಿದರು. ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಅಳಲಿಲ್ಲ, ಮುಂದಿನ ಸಲ ಏನು ಮಾಡಲಿ ಎಂದು ಕೇಳಿದಳು. ಅವಳ ಜಾಗ ಹೋಗುತ್ತದೆ ಎಂಬುದು ಮೇಡಂ ತಲೆಯಲ್ಲಿ ಗಿರಗಿರನೆ ತಿರುಗುತ್ತಿತ್ತು. ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಹಲ್ಲು ಕಚ್ಚಿಕೊಂಡು ಅವಳಿಗೆ ಹೇಳಿದರು.

“ಒಂದೇ ಕಡೆ ಹಿಡ್ಕೋ. ಕೊನೇವರೆಗೂ ಬಿಡಬೇಡ. ನಡುವೆ ಬೇರೆ ಏನಾದ್ರೂ ಹೊಳೆದ್ರೆ, ಬರೀಬೇಡ.”

ಜಾಣೆ ಹುಡುಗಿ. ಅದೇ ವಿಷಯ, ಅದೇ ನಿಯಮ. ಎಂಟರ ಮೇಲೆ ಯಾರನ್ನೂ ಬಿಡಬಾರದು ಎಂದು ಶುರುಮಾಡಿ, ಬಿಡಬಾರದು ಎಂದೇ ಮುಗಿಸಿದಳು. ಮುದುಕರು ಇರಲಿಲ್ಲ, ಗೇಟಿನ ಹೊರಗಿನ ಹೆಂಡತಿಯೂ ಇರಲಿಲ್ಲ. ಇಬ್ಬರು ಓದುಗರೂ ಸಾಲಾಗಿ ನಾಲ್ಕು ಹಾಕಿದರು. ಹೊಂದಿಸುವ ಪ್ರಮೇಯವೇ ಬರಲಿಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಮೈದುನ ಪರದೆಯ ಮೇಲೆ ಆ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ತೋರಿಸಿದ. ಎಲ್ಲರೂ ಓದುವ ಪಾಠಗಳಿಂದ ಏನು ಉಪಯೋಗ ಎಂದು ಕೇಳುವವರು ಇದನ್ನು ನೋಡಲಿ, ಈ ವರ್ಷ ಇಡೀ ವಿಶ್ವವಿದ್ಯಾಲಯದಲ್ಲಿ ಇದೇ ಅತಿ ದೊಡ್ಡ ಪ್ರಗತಿ, ಒಂದರಿಂದ ನಾಲ್ಕಕ್ಕೆ ಎಂದ. ಇದಕ್ಕೆ ಕಾರಣರಾದ ಶಿಕ್ಷಕಿ ನಮ್ಮ ಅತ್ತಿಗೆಯೇ ಎಂದು ಹೇಳುವಾಗ ಅವನ ದನಿ ನಿಜಕ್ಕೂ ಗದ್ಗದವಾಯಿತು. ಜನ ಚಪ್ಪಾಳೆ ತಟ್ಟಿದರು. ರಸಾಯನಶಾಸ್ತ್ರದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮೇಡಂ ಎದ್ದು ನಿಂತು, ನಾನು ಆ ಹುಡುಗಿಗೆ ಏನೂ ಕಲಿಸಲಿಲ್ಲ, ಕಲಿತದ್ದನ್ನು ಅಳಿಸಿದೆ ಅಷ್ಟೆ ಎಂದರು. ಎಂಥ ವಿನಯ ಎಂದು ಇನ್ನೊಂದು ಸುತ್ತು ಚಪ್ಪಾಳೆಯಾಯಿತು.

ಅವರು ಚಪ್ಪಲಿ ಬಡಿಯುತ್ತ ಹೊರಗೆ ಬಂದರು. ಮೈದುನನ ಮೇಲೆ ಕೋಪ, ಚಪ್ಪಾಳೆಯ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ ಕೋಪ. ಮೆಟ್ಟಿಲ ಹತ್ತಿರ ಹುಡುಗಿ ಕಾಯುತ್ತಿದ್ದಳು. ತರಬೇತಿಯ ಜಾಗ ಸಿಕ್ಕಿತು, ನಾಳೆಯಿಂದ ರಾತ್ರಿ ಪಾಳಿ ಎಂದು ಕೈ ಹಿಡಿದುಕೊಂಡಳು. ಮೇಡಂ ಅವಳ ಮುಖವನ್ನೇ ನೋಡಿದರು.

“ಅಲ್ಲಮ್ಮ, ನಿಜ ಹೇಳು. ಆ ಮುದುಕರಂಥವರ ಹೆಂಡತಿ ಬಂದು ಗೇಟಲ್ಲಿ ನಿಂತ್ರೆ, ಒಳಗೆ ಬಿಡಬೇಕೋ, ಬೇಡ್ವೋ? ನಿನಗೇನನ್ಸುತ್ತೆ?”

ಹುಡುಗಿ ತಕ್ಷಣ ಬ್ಯಾಗಿನಿಂದ ಪೆನ್ನು ತೆಗೆದಳು. ಅವಳ ಮುಖದಲ್ಲಿ ಮೇಡಂ ಮೇಲಿನ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

“ಯಾವ ಕಡೆ ಬರೀಬೇಕು ಹೇಳಿ ಮೇಡಂ,” ಎಂದಳು. “ಬರೀತೀನಿ.”