ನನ್ನನ್ನು ಎಬ್ಬಿಸಿ ಹೊರಗೆ ಕಳಿಸಿದ ಕಮಿಟಿ

ಹೋದ ಸೋಮವಾರ ನನ್ನನ್ನು ಮೀಟಿಂಗಿನಿಂದ ಎಬ್ಬಿಸಿ ಹೊರಗೆ ಕಳಿಸಿದರು. ಮಿನಿಟ್ಸ್ ಬರೆಯುವ ಪುಸ್ತಕವನ್ನೂ ಇಸಿದುಕೊಂಡರು. ಮಸ್ಕತ್‌ಗೆ ಬಂದು ಇಷ್ಟು ವರ್ಷವಾಯಿತು, ಇಂಥ ಮರ್ಯಾದೆ ಇದೇ ಮೊದಲು. ಆದರೂ ಎದೆಯುಬ್ಬಿಸಿಕೊಂಡು ಬರೆಯುತ್ತಿದ್ದೇನೆ. ಯಾಕೆ ಅಂತೀರಾ?

ಇಲ್ಲಿನ ಬೆಟ್ಟಗಳ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳಕ್ಕಿಂತ ಕೆಳಗಿತ್ತು. ಅದನ್ನು ಕೊರೆದು ತೆಗೆದು ಓದುವ ದೊಡ್ಡ ಸಂಶೋಧನೆಯೊಂದರಲ್ಲಿ ನಾನು ಗುಮಾಸ್ತ (ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಕೋಆರ್ಡಿನೇಟರ್). ಅದನ್ನು ನಡೆಸುವುದು ಒಂಬತ್ತು ಜನರ ಸ್ಟೀರಿಂಗ್ ಕಮಿಟಿ. ಅವರೇನೂ ಗುದ್ದಲಿ ಹಿಡಿಯುವುದಿಲ್ಲ. ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ ಸಾಕು, ಬಂದ ಕಲ್ಲು ಯಾರಿಗೆ ಎಷ್ಟು ಎಂದು ತೀರ್ಮಾನಿಸುತ್ತಾರೆ. ಪ್ರತಿ ಕಲ್ಲನ್ನೂ ಉದ್ದಕ್ಕೆ ಸೀಳಿಸಿ ಅರ್ಧವನ್ನು ಯಾರೂ ಮುಟ್ಟದಂತೆ ಎತ್ತಿಡಿಸುತ್ತಾರೆ. ಇನ್ನೂ ಹುಟ್ಟದ ವಿಜ್ಞಾನಿಗಳಿಗಂತೆ! ನಮ್ಮ ಮನೆಯಲ್ಲಿ ಹೋಳಿಗೆ ಮರುದಿನಕ್ಕೆ ಉಳಿದದ್ದಿಲ್ಲ.

ಈ ಕಮಿಟಿಗೊಂದು ನಿಯಮ. ಯಾರ ವಿಷಯ ಚರ್ಚೆಗೆ ಬರುತ್ತದೋ ಅವರು ಎದ್ದು ಹೊರಗೆ ಹೋಗಬೇಕು. ಎಷ್ಟು ದೊಡ್ಡ ಪ್ರೊಫೆಸರಾದರೂ ಸರಿ, ಕಾರಿಡಾರಿನಲ್ಲಿ ಕಾಯಬೇಕು.

ಇನ್ನು ನನ್ನ ಹೆಂಡತಿ ಸುಮಂಗಲಾ. ಬಾಗಲಕೋಟೆಯವಳು, ಭೂವಿಜ್ಞಾನ ಓದಿದವಳು. ಇದೇ ಸಂಶೋಧನೆಯ ಕಲ್ಲುಗಳನ್ನು ರುಸ್ತಾಕ್ ಊರಿನಾಚೆಯ ಶೆಡ್ಡಿನಲ್ಲಿ ಜೋಡಿಸಿ, ನೋಡಿ, ಬರೆದಿಡುವುದು ಅವಳ ಕೆಲಸ. ವಾರವೆಲ್ಲ ಅಲ್ಲಿ, ರಜೆಗೆ ಮಸ್ಕತ್‌ನ ಹಮ್ರಿಯಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ. ಭೂಮಿಯಿಂದ ಕಲ್ಲು ಕಬ್ಬಿನ ಜಲ್ಲೆಯ ಹಾಗೆ ಬರುತ್ತದೆ. ಅದರ ಮೇಲಿನ ತುದಿ ಬಾಕ್ಸಿನ ಎಡಕ್ಕೇ ಬರಬೇಕು.

ಶನಿವಾರ ಮಧ್ಯಾಹ್ನ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಾಕ್ಸುಗಳ ಫೋಟೊ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ನಿಂತಿತು.

“ರೀ, ಕಲ್ಲು ತಲಿಕೆಳಗ ಇಟ್ಟೀನಿ.”

ಆ ಬಾಕ್ಸು ಜೋಡಿಸಿದ ದಿನ ಶೆಡ್ಡಿನೊಳಗೆ ಬಿಸಿಲು ಹೊಡೆಯುತ್ತಿತ್ತಂತೆ. ನೆರಳಿಗಾಗಿ ಮೇಜಿನ ಆಚೆ ಬದಿಗೆ ಹೋಗಿ ನಿಂತಿದ್ದಾಳೆ. ಅವಳ ಎಡ ಬಾಕ್ಸಿನ ಬಲವಾಗಿದೆ. ಕೊನೆಯ ಬಾಕ್ಸು ಪೂರ್ತಿ ಉಲ್ಟಾ! ಕಲ್ಲು ಗಾಳಿಯ ಇಂಗಾಲವನ್ನು ಹೀರಿಕೊಂಡಲ್ಲಿ ಬಿಳಿ ಗೆರೆಗಳು ಮೂಡುತ್ತವೆ. ಕೆಳಗೆ ಹೋದಂತೆ ಅವು ದಪ್ಪವಾಗುತ್ತಿವೆ ಎಂದು ಇವಳು ಬರೆದಿದ್ದಳು. ನಿಜಕ್ಕೂ ಅವು ತೆಳುವಾಗುತ್ತಿದ್ದವು, ಅಂದರೆ ಇನ್ನೂ ಕೆಳಗೆ ಕೊರೆದು ಲಾಭವಿಲ್ಲ. ಆ ಕಲ್ಲು ಬಂದ ಬಾವಿಯನ್ನು (ಕೊರೆದ ತೂತನ್ನು ಇಲ್ಲಿ ಹಾಗೇ ಕರೆಯುವುದು) ಇನ್ನೂ ಮೂರು ವಾರ ಕೊರೆಯಬೇಕೋ ಬೇಡವೋ ಎಂದು ಸೋಮವಾರ ಕಮಿಟಿ ತೀರ್ಮಾನಿಸಲಿದ್ದದ್ದು ಇದೇ ವರದಿಯ ಮೇಲೆ. ಬಾವಿ ನಿಂತರೆ ಇವಳ ಕೆಲಸವೂ ಅಲ್ಲಿಗೇ ಮುಗಿಯುತ್ತದೆ.

ನಾನೇನು ಹೇಳಿದೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. ಸುಮ್ಮನಿರು, ಒಂದು ಬಾಕ್ಸು ತಾನೇ, ಯಾರು ಹೋಗಿ ತೆಗೆದು ನೋಡುತ್ತಾರೆ ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. “ಆ ಅರ್ಧ ಕಲ್ಲು ಮುಂದ ಯಾರೋ ತಗದು ನೋಡತಾರಲ್ರಿ. ಅವರಿಗೆ ನಾ ಸುಳ್ಳು ಬರದಿಟ್ಟು ಹೋಗ್ಲೇನು?”

ಸಂಜೆಯೊಳಗೆ ಅಧ್ಯಕ್ಷೆ ಡಾ. ಸಲ್ಮಾ ಅವರಿಗೆ ಮೇಲ್ ಹೋಯಿತು. ತಪ್ಪು ನನ್ನದು, ಸರಿಯಾದದ್ದು ಇದು, ಫೋಟೊ ಇಲ್ಲಿದೆ. ಇಷ್ಟೇ. ಬಿಸಿಲಿನ ಕಥೆಯನ್ನು ಅವಳು ಬರೆಯಲೇ ಇಲ್ಲ.

ಸೋಮವಾರ ಆ ಬಾವಿಯ ಸರದಿ ಬಂತು. ಆ ಬಾವಿಗಾಗಿ ವರ್ಷಗಟ್ಟಲೆ ಕಾದಿದ್ದ ಕಮಿಟಿಯ ಸದಸ್ಯ, ಇಟಲಿಯ ಪ್ರೊಫೆಸರ್ ನಿಯಮದಂತೆ ಎದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಡಾ. ಸಲ್ಮಾ ನನ್ನ ಕಡೆ ತಿರುಗಿ, ನೀವೂ ಹೊರಡಿ, ವರದಿ ಬರೆದಾಕೆ ನಿಮ್ಮ ಹೆಂಡತಿ ಅಲ್ಲವೇ ಎಂದರು. ಪುಸ್ತಕ ಇನ್ನೊಬ್ಬರ ಕೈಗೆ ಹೋಯಿತು. ವಿವರ ಹೇಳಲು ಸುಮಂಗಲಾ ಒಳಗೆ ಹೋದಳು.

ಕಾರಿಡಾರಿನಲ್ಲಿ ಪ್ರೊಫೆಸರ್ ಮತ್ತು ನಾನು, ಇಬ್ಬರೇ. ಅವರು ಜಗತ್ತು ತಿರುಗಿದ ವಿಜ್ಞಾನಿ, ನಾನು ಫೋಟೊಕಾಪಿ ತೆಗೆಯುವವನು. ಇಬ್ಬರ ಕೈಯಲ್ಲೂ ಒಂದೇ ಥರದ ಪೇಪರ್ ಕಪ್, ಇಲ್ಲಿನ ಗಟ್ಟಿ ಕರಕ್ ಚಹಾ. ಅವರು ಬೈಯಬಹುದು ಎಂದು ಕಾದೆ. ಶನಿವಾರದಿಂದ ಆಕೆ ನಿದ್ದೆ ಮಾಡಿದಳಾ ಎಂದು ಕೇಳಿದರು. ಇಲ್ಲ ಎಂದೆ. ನಾನೂ ಮಾಡಿಲ್ಲ ಎಂದರು. 

ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಬಾವಿ ನಿಂತಿತು, ಖಲಾಸ್. ಉಳಿದ ಮೂರು ವಾರ ಬೇರೆ ಕಣಿವೆಗೆ ಹೋಯಿತು. ಪ್ರೊಫೆಸರ್ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಸುಮಂಗಲಾಳ ಹತ್ತಿರ ಹೋಗಿ ಎರಡೂ ಕೈ ಹಿಡಿದು ಕುಲುಕಿದರು. ಅವಳ ಕೆಲಸ ತಿಂಗಳ ಕೊನೆಯವರೆಗೆ. ಆಮೇಲಿನದು ಗೊತ್ತಿಲ್ಲ. ಕರುಣೆ ತೋರಿಸುವುದು ಈ ಕಮಿಟಿಯ ಕೆಲಸವಲ್ಲ, ತೋರಿಸಲೂ ಇಲ್ಲ.

ಮರುದಿನ ಟೈಪ್ ಮಾಡಲು ಮಿನಿಟ್ಸ್ ನನ್ನ ಕೈಗೆ ಬಂತು. ಅದರಲ್ಲಿ ನೌಕರರ ಹೆಸರು ಬರೆಯುವ ಪದ್ಧತಿಯೇ ಇಲ್ಲ, ಎಲ್ಲರೂ ‘ಸಿಬ್ಬಂದಿ’. ಈ ಸಲ ಹೆಸರಿತ್ತು: ತಪ್ಪನ್ನು ಸುಮಂಗಲಾ ಅವರೇ ಕಂಡು, ಅವರೇ ತಿಳಿಸಿದರು, ಕಮಿಟಿ ಕೃತಜ್ಞವಾಗಿದೆ. ಆ ಒಂದು ಸಾಲು ಟೈಪ್ ಮಾಡಲು ನನಗೆ ಹತ್ತು ನಿಮಿಷ ಹಿಡಿಯಿತು. ಕಣ್ಣು ಮಂಜಾಗುತ್ತಿತ್ತು. ಹೆಮ್ಮೆ ಕಣ್ರೀ, ಬೇರೇನಲ್ಲ.

ಈ ಶುಕ್ರವಾರ ರೂವಿಯಲ್ಲಿ ನಮ್ಮ ಕನ್ನಡ ಗೆಳೆಯರ ಕಮಿಟಿ ಸೇರುತ್ತದೆ. ರಾಜ್ಯೋತ್ಸವಕ್ಕೆ ಯಾರ ಮಕ್ಕಳ ಡ್ಯಾನ್ಸ್ ಮೊದಲು ಎನ್ನುವ ಚರ್ಚೆ. ಹೋದ ವರ್ಷ ನಾನು ಕುರ್ಚಿಯಿಂದ ಅಲ್ಲಾಡದೆ ಕೂತು ಮಗಳಿಗೆ ಮೊದಲ ಸ್ಥಾನ ಕೊಡಿಸಿದ್ದೆ. ಈ ಸಲವೂ ಅವಳ ಹೆಸರು ಬರುತ್ತದೆ.

ನಾನು ಏಳುತ್ತೇನಾ?