ಬೋನಸ್ಸಿನ ಬದಲಿಗೆ ಬಂದ ಎದೆ

ಎಡಿಲ್ಮಾಗೆ ಬರಬೇಕಾದ ಡಿಸೆಂಬರ್ ಬೋನಸ್ ಇನ್ನೂ ಬಂದಿಲ್ಲ. ಹತ್ತು ವರ್ಷದ ಮೇಲಾಯಿತು. ಯಜಮಾನ ದೋನ್ ಎವೆಲಿಯೊನನ್ನು ಕೇಳಿದರೆ, "ಕೊಟ್ಟಾಯ್ತಲ್ಲ, ಎದೆ ಮೇಲೇ ಹೊತ್ಕೊಂಡು ಓಡಾಡ್ತಾಳೆ" ಅನ್ನುತ್ತಿದ್ದ.

ಕಾಲಿ ಎಂಬ ನಮ್ಮ ನಗರದಲ್ಲಿ ಅವನದು ಫಾಹಾ ಹೊಲಿಯುವ ಕಾರ್ಖಾನೆ. ಆಪರೇಷನ್ ಮಾಡಿಸಿಕೊಂಡ ಮೈಯನ್ನು ಬಿಗಿಹಿಡಿಯುವ ಒಳಉಡುಪೇ ಫಾಹಾ. ಎಡಿಲ್ಮಾ ಅದಕ್ಕೆ ಕೊಕ್ಕೆ ಹೊಲಿಯುತ್ತಾಳೆ, ನಾನು ಪಕ್ಕದ ಮೆಷಿನ್ನಿನಲ್ಲಿ. ಆ ವರ್ಷ ವ್ಯಾಪಾರ ಬಿದ್ದಿತ್ತು. ಯಜಮಾನ ಹುಡುಗಿಯರನ್ನು ಸೇರಿಸಿ, ನಗದು ಇಲ್ಲ, ಕ್ಲಿನಿಕ್ಕಿನವನು ನನ್ನ ಸ್ನೇಹಿತ, ಬೇಕಾದವರಿಗೆ ಸಿಲಿಕಾನ್ ಚೀಲ ಇಡಿಸಿ ದೊಡ್ಡ ಎದೆ ಮಾಡಿಸಿಕೊಡುತ್ತೇನೆ, ಆಮೇಲೆ ನಮ್ಮ ಮಾಲು ತೊಟ್ಟು ಅಂಗಡಿ ಮುಂದೆ ನಿಂತರಾಯಿತು ಎಂದ. ಹೊಲಿಗೆ ಮೆಷಿನ್ನಿನ ಅರ್ಧ ಸಾಲು ಕೈ ಎತ್ತಿತು, ಎಡಿಲ್ಮಾಳೂ. ಹದಿನೈದು ತುಂಬಿದ ಹುಡುಗಿಯನ್ನು ಪಾರ್ಟಿ ಬೇಕಾ, ಎದೆ ಬೇಕಾ ಎಂದು ಕೇಳುವ ಓಣಿಗಳು ನಮ್ಮವು. ಕೂಲಿ ಅಂದರೆ ಕಾಸು ಕಣ್ರೇ ಎಂದು ನಾನು ಕಾರ್ಮಿಕ ಸಂಘದ ಪರವಾಗಿ ಕಿರುಚಿದೆ.

"ರೂಬಿ ಅಕ್ಕಾ, ನೀನು ಇಸ್ತ್ರಿ ಹಲಗೆ. ಹೊಟ್ಟೆಕಿಚ್ಚು ನಿಂಗೆ" ಎಂದಳು ಎಡಿಲ್ಮಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋದ ವರ್ಷ ಅವಳ ಎಡಗಡೆ ಊದತೊಡಗಿತು. ಫಾಹಾ ಹೊಲಿಯುವವಳು ಏನು ಮಾಡಿಯಾಳೋ ಅದನ್ನೇ ಮಾಡಿದಳು. ತನ್ನ ಅಳತೆಗಿಂತ ಚಿಕ್ಕದೊಂದು ಹೊಲಿದು, ಕೊಕ್ಕೆಯ ಸಾಲು ಹೆಚ್ಚಿಗೆ ಇಟ್ಟು ತೊಟ್ಟಳು. ನೋವಾದಾಗೆಲ್ಲ ಇನ್ನೊಂದು ಕೊಕ್ಕೆ ಬಿಗಿ. ಊತಕ್ಕೆ ಬಿಗಿಯೇ ಮದ್ದು ಎಂದು ದಿನವೂ ಗಿರಾಕಿಗಳಿಗೆ ಹೇಳುವವರು ನಾವೇ. ಹೀಗೇ ತಿಂಗಳುಗಟ್ಟಲೆ ಮುಚ್ಚಿಟ್ಟಳು.

ಮೇ ದಿನದ ಮೆರವಣಿಗೆಯಲ್ಲಿ ಅವಳನ್ನು ಅಪ್ಪಿಕೊಂಡಾಗ ಹಲಗೆಗೆ ಎದೆ ತಾಕಿದಂತಾಯಿತು.

"ಇದೇನೇ?"

"ಹೊಸ ಮಾಡೆಲ್. ಟೆಸ್ಟ್ ಮಾಡ್ತಿದೀನಿ."

ಬೇಕರಿಯ ಕಕ್ಕಸಿಗೆ ಎಳೆದುಕೊಂಡು ಹೋಗಿ ಕೊಕ್ಕೆ ಬಿಚ್ಚಿದೆ. ಎಡಗಡೆಯದು ಬಲಗಡೆಯ ಎರಡರಷ್ಟಿತ್ತು. ಕೊಕ್ಕೆ ಒತ್ತಿದ ಕಡೆಯೆಲ್ಲ ಚರ್ಮ ಕಪ್ಪಿಟ್ಟಿತ್ತು.

"ಕ್ಯಾನ್ಸರಾ ಅಕ್ಕಾ?"

"ನಾನೇನು ಡಾಕ್ಟರಾ?" ಎಂದೆ.

ಮೊದಲು ಹೋಗಿದ್ದು ಅದೇ ಹಳೆಯ ಕ್ಲಿನಿಕ್ಕಿಗೆ. ಅಲ್ಲಿಯವನು ಊತವನ್ನು ಮುಟ್ಟಿಯೂ ನೋಡಲಿಲ್ಲ. "ಗುರುವಾರ ಬಾ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ ಚೀಲ ಎಳೆದು ಹಾಕ್ತೀನಿ. ಊಟದ ಹೊತ್ತಿಗೆ ಮನೇಲಿರ್ತೀಯ."

ಎಡಿಲ್ಮಾ ಆಗಲೇ ತಲೆಯಾಡಿಸಿದ್ದಳು. ಗಿರಾಕಿಗಳ ಬಾಯಲ್ಲಿ ಕೇಳಿ ತಿಳಿದಿದ್ದನ್ನೆಲ್ಲ ನೆನೆದು ನಾನು ಕೇಳಿದೆ, "ಒಳಗೆ ತುಂಬಿರೋ ನೀರು ಪರೀಕ್ಷೆ ಮಾಡಲ್ವಾ? ಚೀಲದ ಸುತ್ತ ಮೈ ಕಟ್ಟಿರೋ ಪೊರೆ ತೆಗೀತೀರೋ, ಬಿಡ್ತೀರೋ? ಒಳಗಿರೋದು ಯಾವ ಕಂಪನಿ ಮಾಲು?"

"ಯಾರಮ್ಮ ಈ ಹೆಂಗಸು?" ಎಂದು ಅವನು ಎಡಿಲ್ಮಾಳನ್ನು ಕೇಳಿದ.

ಅವಳ ಕೈ ಹಿಡಿದು ಹೊರಗೆ ಕರೆತಂದೆ. ಮೆಟ್ಟಿಲ ಮೇಲೆ ಕೂತು ಅವಳು ನನ್ನ ಮೇಲೇ ಹರಿಹಾಯ್ದಳು. "ತೆಗೆದೇ ಬಿಡ್ತಿದ್ದ. ಎಲ್ಲಾ ಕಡೆ ನಿಂದೊಂದು ಮುಷ್ಕರ."

ಸರ್ಕಾರಿ ಆಸ್ಪತ್ರೆಯ ಸರತಿಯಲ್ಲಿ ನಿಂತು ಡಾಕ್ಟರ್ ಕಿನ್ಯೋನೆಸ್ ಎಂಬಾಕೆಯನ್ನು ಕಂಡೆವು. ಆಕೆ ಕೊಕ್ಕೆಯ ಗುರುತು ನೋಡಿ ಬೈದರು. "ಒಳಗೇ ನೀರು ತುಂಬಿದೆ ತಾಯಿ. ಹೊರಗಿಂದ ಬಿಗಿದ್ರೆ ಅದೆಲ್ಲಿಗೆ ಹೋಗ್ಬೇಕು?"

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. "ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಕಡೆ ಊದಿಕೊಂಡ್ರೆ, ಅಪರೂಪಕ್ಕೆ ಒಂದು ಥರದ ಕ್ಯಾನ್ಸರ್ ಇರಬಹುದು. ತುಂಬ ಜನಕ್ಕೆ ಇರಲ್ಲ. ಆದ್ರೆ ನೋಡದೆ ನಾನು ಕತ್ತರಿ ಮುಟ್ಟಲ್ಲ. ಮೊದಲು ಸ್ಕ್ಯಾನು, ಸೂಜಿ ಹಾಕಿ ನೀರು ತೆಗೆದು ಲ್ಯಾಬಿಗೆ. ಪೊರೆ ಎಷ್ಟು ತೆಗೀಬೇಕು ಅನ್ನೋದು ಅದರ ಮೇಲೆ. ಪಕ್ಕೆಲುಬಿಗೆ ಅಂಟಿದ್ರೆ ತೆಗೆಯೋದೂ ಅಪಾಯವೇ. ಎದೆ ಮೊದಲಿನ ಹಾಗಾಗಲ್ಲ. ಜೋತು ಬೀಳಬಹುದು, ಒಂದು ಕಡೆ ತಗ್ಗಾಗಬಹುದು."

"ವರ್ಷದಿಂದ ಇರೋ ಈ ಸುಸ್ತು, ಕೀಲುನೋವು ಹೋಗುತ್ತಾ?" ಎಂದಳು ಎಡಿಲ್ಮಾ.

"ಕೆಲವರಿಗೆ ಹೋಗುತ್ತೆ, ಕೆಲವರಿಗೆ ಹೋಗಲ್ಲ. ಮಾತು ಕೊಡಲ್ಲ. ತೊಂದ್ರೆನೇ ಇಲ್ದೋರಿಗೆ ತೆಗೆಸಿಕೊಳ್ಳಿ ಅಂತ್ಲೂ ಹೇಳಲ್ಲ."

ಎಡಿಲ್ಮಾ ಯೋಚಿಸಿ ಕೇಳಿದಳು, "ಸಾಲ್ಸಾ ಕುಣೀಬಹುದಾ?"

"ಗಾಯ ಆರಿದ ಮೇಲೆ."

ಸ್ಕ್ಯಾನಾಯಿತು, ಸೂಜಿ ಹಾಕಿ ನೀರು ತೆಗೆದರು. ಲ್ಯಾಬಿನಿಂದ ಉತ್ತರ ಬರುವವರೆಗಿನ ದಿನಗಳ ಪಾಡು ಹೇಳುವುದೇ ಬೇಡ. ಅವಳ ಮೆಷಿನ್ನಿನಲ್ಲಿ ದಾರ ಕಡಿಯುತ್ತಲೇ ಇತ್ತು. ಫೋನು ಗುಂಯ್‌ಗುಟ್ಟಿದರೆ ಇಡೀ ಸಾಲು ತಲೆಯೆತ್ತುತ್ತಿತ್ತು. ಮನೆಯಲ್ಲಿ ಅವಳಮ್ಮ ಹಂದಿಮಾಂಸ, ಮೊಟ್ಟೆ, ಬೆಣ್ಣೆಹಣ್ಣು ಎಲ್ಲ ಗಾಯಕ್ಕೆ ನಂಜು ಎಂದು ತಟ್ಟೆಯಿಂದ ಎತ್ತಿಡುತ್ತಿದ್ದಳು.

"ಅಮ್ಮಾ, ಇನ್ನೂ ಕೊಯ್ದೇ ಇಲ್ಲ."

"ಈಗಿಂದ್ಲೇ ರೂಢಿ ಮಾಡ್ಕೋ."

ನೀರಿನಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು. ಎಡಿಲ್ಮಾ ಡಾಕ್ಟರ್ ಕೈಲಿ ಮತ್ತೊಮ್ಮೆ ಓದಿಸಿದಳು. ಹೋದ ವಾರ ಆಪರೇಷನ್ ಆಯಿತು. ಎರಡೂ ಚೀಲ ತೆಗೆದರು, ಎಡಗಡೆಯದು ಒಳಗೇ ಹರಿದಿತ್ತು. ಪೊರೆ ಲ್ಯಾಬಿಗೆ ಹೋಗಿದೆ, ಅದರ ಉತ್ತರ ಇನ್ನೂ ಬಂದಿಲ್ಲ. ಫೋನು ಸದ್ದಾದರೆ ಈಗಲೂ ಬೆಚ್ಚುತ್ತಾಳೆ. ಚೀಲಗಳನ್ನು ಮಾತ್ರ ಮೊದಲೇ ಹೇಳಿ ಕೇಳಿ ಪಡೆದಿದ್ದಳು. ಗಾಯದ ನೀರು ಹರಿಯಲೆಂದು ಪಕ್ಕದಿಂದ ಇಳಿಬಿಟ್ಟ ಕೊಳವೆಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡೇ ಹೋಗಿ ಅವನ್ನು ದೋನ್ ಎವೆಲಿಯೊನ ಮೇಜಿನ ಮೇಲಿಟ್ಟಳು.

"ಮಾಲು ಹರಿದಿದೆ ಯಜಮಾನ್ರೇ. ವಾಪಸ್ ತಗೊಳ್ಳಿ. ನನ್ನ ಬೋನಸ್ ಕೊಡಿ."

ಸಾಲಿನಲ್ಲಿ ಅಂದು ಕೈ ಎತ್ತಿದ್ದ ಇನ್ನೊಬ್ಬಳು ಮೆಲ್ಲಗೆ ತಾನು ತೊಟ್ಟ ಫಾಹಾದ ಕೊಕ್ಕೆಗೆ ಕೈ ಹಾಕಿದ್ದನ್ನು ನಾನು ನೋಡಿದೆ.

ನಿಮ್ಮಲ್ಲೂ ಒಬ್ಬಳಿದ್ದಾಳೆ. ಏನಿಲ್ಲ, ಸೆಕೆ ಅಷ್ಟೇ ಎಂದು ಬಿಗಿದುಕೊಂಡು ಓಡಾಡುತ್ತಿದ್ದಾಳೆ. ಇವತ್ತೇ ಕೇಳಿ. ಅವಳ ಜೊತೆ ಹೋಗಿ, ಪಕ್ಕದ ಕುರ್ಚಿಯಲ್ಲಿ ಕೂರಿ. ಏನು ಪರೀಕ್ಷೆ ಮಾಡುತ್ತೀರಿ, ಏನು ತೆಗೆಯುತ್ತೀರಿ, ಏನು ಬಿಡುತ್ತೀರಿ ಎಂಬುದಕ್ಕೆ ಉತ್ತರ ಬರುವವರೆಗೆ ಏಳಬೇಡಿ. ಯಾವತ್ತು ಹೋಗುತ್ತೀರಿ, ಹೇಳಿ.