ತಮ್ಮನ ಬದಲು ನಾನು ಆಡಿದ ಮಾತು

ನನ್ನ ತಮ್ಮನಿಗೆ ಒಂದು ಮಾತನ್ನೂ ಪೂರ್ತಿ ಆಡಲು ನಾನು ಬಿಡಲಿಲ್ಲ. ಅವನಿಗೆ ಉಗ್ಗು ಇತ್ತು. ಶಾಲೆಗೆ ಸೇರಿಸುವ ದಿನ ಹೆಸರು ಹೇಳಲಾಗದೆ ನಿಂತಾಗ ಹಿಂದೆ ನಿಂತಿದ್ದ ಮಕ್ಕಳು ನಕ್ಕರು. ಹೆಸರು ನಾನು ಹೇಳಿದೆ. ಅಲ್ಲಿಂದ ಅದೇ ರೂಢಿಯಾಯಿತು. ಅಮ್ಮ ಬೀಡಿ ಕಟ್ಟುತ್ತಿದ್ದರು. ಅವನು ಕೂಸಾಗಿದ್ದಾಗಲೇ ಅವನನ್ನು ನೋಡಿಕೊಳ್ಳಲು ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಮುಂದೆ, ಅವನು ಬಾಯಿ ತೆರೆದ ಕೂಡಲೇ ಉತ್ತರ ನನ್ನಿಂದ ಬರುತ್ತಿತ್ತು. ಇಂಥ ಅಕ್ಕ ಯಾರಿಗೂ ಸಿಗಲಿಕ್ಕಿಲ್ಲ ಎಂದು ಕಾಪುವಿನ ನಮ್ಮ ನೆರೆಕರೆಯವರು ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ ಅವನಿಗೆ ಹೆಣ್ಣು ನೋಡಲು ಅಜೆಕಾರಿಗೆ ಹೋದೆವು. ಆಗ ಅವನು ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹುಡುಗಿ ಅವಲಕ್ಕಿಯ ತಟ್ಟೆ ಇಟ್ಟು, ಮದುವೆಯ ಮೇಲೆ ತಾನು ಹೊಲಿಗೆ ಕೆಲಸ ಬಿಡಬೇಕಾಗುತ್ತದೆಯೇ ಎಂದು ಅವನನ್ನೇ ನೋಡಿ ಕೇಳಿದಳು. ಅವನ ತುಟಿ ಅಲುಗಿತು. ಬಿಡುವುದೇನೂ ಬೇಡ, ನಮ್ಮಲ್ಲಿ ಎಲ್ಲರೂ ದುಡಿಯುವವರೇ ಎಂದು ನಾನು ಹೇಳಿ ಮುಗಿಸಿದೆ. ಉಳಿದ ಪ್ರಶ್ನೆಗಳೆಲ್ಲ ನನಗೇ ಬಂದವು. ಹುಡುಗಿ ಮತ್ತೆ ಅವನ ಕಡೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸು ಹಿರಿಯಡ್ಕದಲ್ಲಿ ನಿಂತಿತ್ತು.

"ಅಕ್ಕ, ಅವಳು ಕೇಳಿದ್ದು ನನ್ನ ಹತ್ತಿರ," ಎಂದ. ಅಷ್ಟು ಹೇಳಲು ಅವನಿಗೆ ಹೊತ್ತು ಹಿಡಿಯಿತು.

"ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪಾ?"

"ಎಲ್ಲ ಅಂತ ನಾನು ಎಲ್ಲಿ..."

ಅದನ್ನೂ ಮುಗಿಸಲು ಬಿಡಲಿಲ್ಲ. ಶಾಲೆ ಬಿಟ್ಟದ್ದು, ಅವನನ್ನು ಸೊಂಟದಲ್ಲಿ ಹೊತ್ತು ತಿರುಗಿದ್ದು, ಎಲ್ಲವನ್ನೂ ಉಡುಪಿ ಬರುವವರೆಗೆ ಹೇಳುತ್ತಲೇ ಇದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಅಜೆಕಾರಿನವರು ಬೇಡವೆಂದರು. ಕೆಲವು ತಿಂಗಳ ಮೇಲೆ ಕಾರ್ಕಳದಿಂದ ಇನ್ನೊಂದು ಸಂಬಂಧ ಬಂತು. ಈ ಸಲ ಅಕ್ಕ ಬರುವುದು ಬೇಡ ಎಂದು ಅವನು ಅಮ್ಮನ ಮೂಲಕ ಹೇಳಿಸಿದ. ಜಗಳ ಮಾಡುವುದೆಂದೇ ನಾನು ಮಣಿಪಾಲಕ್ಕೆ ಹೋದೆ.

ಅಂಗಡಿಯಲ್ಲಿ ಜನ ಇದ್ದರು. ಮೂಲೆಯ ಸ್ಟೂಲಿನಲ್ಲಿ ಕೂತೆ. ಕಾಲೇಜಿನ ಹುಡುಗಿಯೊಬ್ಬಳು ತನ್ನ ಬೈಂಡಿಂಗ್ ಯಾವಾಗ ಸಿಗುತ್ತದೆ ಎಂದು ಕೇಳಿದಳು. ಅವನು ಬಾಯಿ ತೆರೆದು ಹಾಗೇ ನಿಂತ. ನಾಳೆ ಎಂದು ನಾನೇ ಹೇಳಿಬಿಡುವವಳಿದ್ದೆ. ಆ ಹುಡುಗಿ ಬೇಗ ಹೇಳು ಎಂಬಂತೆಯೂ ನೋಡಲಿಲ್ಲ, ಪಾಪ ಎಂಬಂತೆಯೂ ನೋಡಲಿಲ್ಲ. ಸುಮ್ಮನೆ ಕಾದಳು.

"ನಾಡಿದ್ದು ಬನ್ನಿ," ಎಂದ ಕೊನೆಗೆ. "ಮೆಷಿನಿಗೂ ನನ್ನ ಹಾಗೆ ನಡುವೆ ನಡುವೆ ನಿಲ್ಲುವ ಅಭ್ಯಾಸ ಉಂಟು."

ಅವಳು ನಕ್ಕಳು, ಅವನೂ ನಕ್ಕ. ನನ್ನ ತಮ್ಮ ತಮಾಷೆ ಮಾಡುವವನೆಂದು ನನಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ನಾನು ಅಷ್ಟು ಕೂಗಾಡಿದ್ದು ಏಕೆಂದು ಆಗ ತಿಳಿಯಿತು. ಒಂದು ತಪ್ಪು ಒಪ್ಪಿದರೆ ಒಳ್ಳೆಯ ಅಕ್ಕ ಎಂಬ ಹೆಸರು ಪೂರ್ತಿ ಸುಳ್ಳಾಗುತ್ತದೆ ಎಂಬ ಹೆದರಿಕೆ ನನಗಿತ್ತು. ಅವನನ್ನು ಸಾಕಿದವಳೂ ನಾನೇ, ಅವನ ಮಾತು ಕಸಿದವಳೂ ನಾನೇ. ಎರಡೂ ನಿಜ, ಒಂದನ್ನು ಒಪ್ಪಿದರೆ ಇನ್ನೊಂದು ಸುಳ್ಳಾಗುವುದಿಲ್ಲ.

ಗಿರಾಕಿಗಳು ಹೋದ ಮೇಲೆ ಅವನು ಚಾ ತರಿಸಿದ.

"ಎಂತ ಅಕ್ಕ, ಬೈಯಲಿಕ್ಕೆ ಬಂದದ್ದಾ?"

ಅಷ್ಟೂ ಅವನ ಬಾಯಿಂದ ಬರುವವರೆಗೆ ನಾನು ಸುಮ್ಮನಿದ್ದೆ.

"ಬೈಯಲಿಕ್ಕೇ ಬಂದದ್ದು," ಎಂದೆ. "ಕಾರ್ಕಳಕ್ಕೆ ನೀನೇ ಹೋಗಿ ಮಾತಾಡು, ನಾನು ಬರುವುದಿಲ್ಲ. ಇಷ್ಟು ವರ್ಷ ನಿನ್ನ ಬಾಯಿಯ ಮಾತನ್ನು ನಾನು ಕಿತ್ತುಕೊಂಡೆ. ಅದು ನನ್ನ ತಪ್ಪು ಮಾರಾಯ. ಕ್ಷಮಿಸು."